ಜನಸಾಮಾನ್ಯರ ಛಾಯಾಗ್ರಾಹಕ ಟಿ. ಎಸ್. ಸತ್ಯನ್

ಅರಮನೆ, ಜಂಬೂಸವಾರಿ, ದೀಪಾಲಂಕಾರಗಳಿಂದ ಮೈಸೂರು ನಗರವು ಲೋಕದ ಕಣ್ಣನ್ನು ಸೆಳೆದಿದೆ. ಈ ವೈಭವದ ನೆರಳಿನಲ್ಲಿಯೇ ಬೆಳೆದು, ತಮ್ಮ ಕ್ಯಾಮರಾವನ್ನು ಹೆಚ್ಚಾಗಿ ಜನಸಾಮಾನ್ಯರ ಕಡೆಗೆ ತಿರುಗಿಸಿದ ಮಹನೀಯರು ಟಿ. ಎಸ್. ಸತ್ಯನ್.

ತಂಬ್ರಹಳ್ಳಿ ಸುಬ್ರಹ್ಮಣ್ಯ ಸತ್ಯನಾರಾಯಣ ಅಯ್ಯರ್ ಎಂಬುದು ಅವರ ಪೂರ್ಣ ನಾಮಧೇಯ. 1923ರ ಡಿಸೆಂಬರ್ 18ರಂದು ಮೈಸೂರಿನಲ್ಲಿ ಜನಿಸಿದ ಅವರು ಬನುಮಯ್ಯನವರ ಶಾಲೆಯಲ್ಲಿಯೂ ಮಹಾರಾಜ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, 1944ರಲ್ಲಿ ಬಿ.ಎ. ಪದವಿಯನ್ನು ಪಡೆದರು. ಪದವೀಧರನಿಗೆ ಸರ್ಕಾರಿ ನೌಕರಿಯೇ ಶ್ರೇಯಸ್ಕರವೆಂದು ಬಗೆಯುತ್ತಿದ್ದ ಕಾಲವದು. ಛಾಯಾಗ್ರಹಣವೆಂದರೆ ಮದುವೆಯ ಚಿತ್ರ, ಸ್ಟುಡಿಯೋದ ಭಾವಚಿತ್ರ ಎಂಬುದಷ್ಟೇ ಬಹುಜನರ ತಿಳಿವಳಿಕೆ. ಅಂತಹ ಸಮಯದಲ್ಲಿ ಅವರು ಪತ್ರಿಕಾ ಛಾಯಾಗ್ರಹಣವನ್ನು ಜೀವನವೃತ್ತಿಯಾಗಿ ಆರಿಸಿಕೊಂಡುದು ಸಾಹಸವೇ ಸರಿ.

1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿದ ಸತ್ಯನ್, ಅನಂತರ ಮುಂಬಯಿಯ ಇಲಸ್ಟ್ರೇಟೆಡ್ ವೀಕ್ಲಿಯಲ್ಲಿ ದುಡಿದರು. ಮುಂದೆ ಸ್ವತಂತ್ರ ವೃತ್ತಿಯನ್ನು ಕೈಗೊಂಡು, ದೆಹಲಿಯಲ್ಲಿ ದೀರ್ಘಕಾಲ ನೆಲೆಸಿ, ವಿದೇಶೀಯ ಪತ್ರಿಕೆಗಳಿಗೂ ಚಿತ್ರಗಳನ್ನು ಒದಗಿಸಿದರು. ಗಣ್ಯಾತಿಗಣ್ಯರು ಅವರ ಕ್ಯಾಮರಾದ ಮುಂದೆ ಹಾದುಹೋದರು. ಆದರೆ ಅವರ ಮನಸ್ಸು ನೆಲೆನಿಂತುದು ಬೀದಿಯಲ್ಲಿ ಆಡುವ ಮಕ್ಕಳಲ್ಲಿ, ದುಡಿಯುವ ತಾಯಂದಿರಲ್ಲಿ.

ಬಡವರ ಚಿತ್ರ ತೆಗೆಯುವುದು ಸುಲಭ. ಅವರ ಮಾನಕ್ಕೆ ಕುಂದು ಬಾರದಂತೆ ತೆಗೆಯುವುದು ಕಷ್ಟ. ಕರುಣೆಯ ಹೆಸರಿನಲ್ಲಿ ಕ್ಯಾಮರಾವು ಮನುಷ್ಯನನ್ನು ಕೇವಲ ಯಾಚಕನನ್ನಾಗಿ ತೋರಿಸಿಬಿಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿಡುಬು ನಿರ್ಮೂಲನ ಕಾರ್ಯವನ್ನು ಚಿತ್ರಿಸುವಾಗ ಸತ್ಯನ್ ಅವರಿಗೆ ಈ ಪರೀಕ್ಷೆಯೇ ಎದುರಾಯಿತು. ರೋಗದ ಭೀಕರತೆಯನ್ನು ಮರೆಮಾಚಿದರೆ ಸತ್ಯಕ್ಕೆ ಅಪಚಾರ. ಅದನ್ನೇ ಮೆರೆಯಿಸಿದರೆ ರೋಗಿಗೆ ಅಪಚಾರ. ಈ ಎರಡರ ನಡುವಣ ಇಕ್ಕಟ್ಟಾದ ದಾರಿಯೇ ಅವರ ದಾರಿಯಾಯಿತು. ಅವರ ಕಪ್ಪು ಬಿಳುಪು ಚಿತ್ರಗಳಲ್ಲಿ ನಾವು ಮೊದಲು ಕಾಣುವುದು ಮನುಷ್ಯನನ್ನು. ಅವನ ಕಷ್ಟವನ್ನು ಆಮೇಲೆ. 1975ರ ವೇಳೆಗೆ ಸಿಡುಬು ಭಾರತದಿಂದ ತೊಲಗಿತು. ಆ ಹೋರಾಟದ ಸಾಕ್ಷ್ಯವಾಗಿ ಈ ಚಿತ್ರಗಳು ಉಳಿದಿವೆ.

1977ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ಯುನಿಸೆಫ್ ಆಶ್ರಯದಲ್ಲಿ, ವಿಶ್ವಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಹೆಸರಿಲ್ಲದ ಮಕ್ಕಳು ರಾಷ್ಟ್ರಗಳ ಮಹಾಸಭೆಯ ಅಂಗಳದಲ್ಲಿ ಅತಿಥಿಗಳಾದರು.

ಜಗತ್ತನ್ನು ಸುತ್ತಿದರೂ ಸತ್ಯನ್ ಕೊನೆಗೆ ಹುಟ್ಟೂರಿಗೇ ಮರಳಿದರು. ತಮ್ಮ ಅನುಭವಗಳನ್ನು ಅಲೈವ್ ಅಂಡ್ ಕ್ಲಿಕಿಂಗ್ ಎಂಬ ಆತ್ಮವೃತ್ತಾಂತದಲ್ಲಿ ನಿರೂಪಿಸಿದರು. 2009ರ ಡಿಸೆಂಬರ್ 13ರಂದು, 86 ವರ್ಷ ತುಂಬಲು ಐದೇ ದಿನಗಳಿರುವಾಗ, ಮೈಸೂರಿನಲ್ಲಿ ಕಾಲವಶರಾದರು.

ಅವರ ಕಾಲದಲ್ಲಿ ಒಂದು ಫಿಲಂ ಸುರುಳಿಗೆ ಹನ್ನೆರಡೋ ಮೂವತ್ತಾರೋ ಚಿತ್ರಗಳು ಮಾತ್ರ. ಗುಂಡಿ ಒತ್ತುವ ಮೊದಲು ಕಾಯಬೇಕಾಗಿತ್ತು, ಯೋಚಿಸಬೇಕಾಗಿತ್ತು. ಇಂದು ನಮ್ಮ ವಿದ್ಯಾರ್ಥಿಗಳ ಕೈಯಲ್ಲಿರುವ ದೂರವಾಣಿಯೇ ಕ್ಯಾಮರಾ, ಚಿತ್ರಗಳಿಗೆ ಲೆಕ್ಕವಿಲ್ಲ. ಆದರೂ ಪ್ರಶ್ನೆ ಮಾತ್ರ ಹಳೆಯದೇ: ನಾವು ತೆಗೆದ ಚಿತ್ರವನ್ನು ಆ ವ್ಯಕ್ತಿಯ ಮುಂದೆಯೇ ಹಿಡಿದು ತೋರಿಸುವ ಧೈರ್ಯ ನಮಗಿದೆಯೇ? ಈ ಪ್ರಶ್ನೆಯನ್ನು ನೆನಪಿನಲ್ಲಿಟ್ಟುಕೊಳ್ಳುವುದೇ ಆ ಹಿರಿಯ ಚೇತನಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.