ಫ್ರೀಜರ್‌ನಲ್ಲಿಟ್ಟರೆ ಕ್ರಿಮಿಗಳು ಸಾಯುತ್ತವೆಯೇ? ಉತ್ತರ ಹಸುವಿನ ಡಾಕ್ಟರ ಕ್ಯಾನ್‌ನಲ್ಲಿದೆ

ಮಾಂಸ, ಮೀನನ್ನು ಫ್ರೀಜರ್‌ನಲ್ಲಿಟ್ಟರೆ ರೋಗದ ಕ್ರಿಮಿಗಳೆಲ್ಲ ಸತ್ತುಹೋಗುತ್ತವೆ ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಇದನ್ನು ತೋರಿಸಿಕೊಟ್ಟ ಪ್ರಯೋಗಗಳ ಹಿಂದೆ ಇದ್ದವರು ಸರ್ ಜೇಮ್ಸ್ ಡ್ಯುವಾರ್. ಅವರು ರೂಪಿಸಿದ ಪಾತ್ರೆಯನ್ನು ಬಂಗಾರಪೇಟೆ, ಕೆಜಿಎಫ್ ಸುತ್ತಮುತ್ತ ಹಸು ಸಾಕುವವರು ನೋಡಿರುತ್ತೀರಿ. ಹಸು ಬೆದೆಗೆ ಬಂದಾಗ ಹೋರಿಯ ವೀರ್ಯದ ಕಡ್ಡಿ ತೆಗೆಯುತ್ತಾರಲ್ಲ, ಮುಚ್ಚಳ ತೆರೆದರೆ ಬಿಳಿ ಹೊಗೆಯಾಡುವ ಆ ಕ್ಯಾನ್!

ಡ್ಯುವಾರ್ ಹುಟ್ಟಿದ್ದು 1842ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಹತ್ತು ವರ್ಷದ ಹುಡುಗನಾಗಿದ್ದಾಗ, ಹೆಪ್ಪುಗಟ್ಟಿದ ನೀರಿನ ಮೇಲೆ ಹೋಗುವಾಗ ಮಂಜುಗಡ್ಡೆ ಒಡೆದು ಒಳಗೆ ಬಿದ್ದರು. ಅದರಿಂದ ಬಂದ ಜ್ವರ ಬಹಳ ಕಾಲ ಕಾಡಿತು. ಶಾಲೆ ತಪ್ಪಿತು. ಆ ದಿನಗಳಲ್ಲಿ ಊರಿನ ಬಡಗಿಯ ಹತ್ತಿರ ಪಿಟೀಲು ಮಾಡುವುದನ್ನು ಕಲಿತರು. ಆ ಕೈಚಳಕವೇ ಮುಂದೆ ಪ್ರಯೋಗಾಲಯದಲ್ಲಿ ನೆರವಾಯಿತು. ಹದಿನೈದನೇ ವಯಸ್ಸಿಗೆ ತಂದೆತಾಯಿ ಇಬ್ಬರೂ ಇರಲಿಲ್ಲ.

1877ರಲ್ಲಿ ಅವರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು. ಅಲ್ಲಿ ಗಾಳಿಯನ್ನೇ ತಣ್ಣಗಾಗಿಸಿ ದ್ರವ ಮಾಡುತ್ತಿದ್ದರು. ಆದರೆ ಅದು ಪಾತ್ರೆಯಲ್ಲಿ ನಿಲ್ಲದೆ ಬೇಗ ಆವಿಯಾಗುತ್ತಿತ್ತು. 1892ರಲ್ಲಿ ಅವರು ಒಂದರೊಳಗೊಂದು ಇರುವ ಎರಡು ಗೋಡೆಯ ಪಾತ್ರೆ ಮಾಡಿ, ನಡುವಿನ ಗಾಳಿಯನ್ನು ಹೊರತೆಗೆದರು. ಹೊರಗಿನ ಶಾಖ ಒಳಗೆ ದಾಟುವುದು ಬಹುಪಾಲು ನಿಂತಿತು. ಇದಕ್ಕೆ ಅವರು ಪೇಟೆಂಟ್ ಪಡೆಯಲಿಲ್ಲ. ಜರ್ಮನಿಯವರು ಅದನ್ನೇ ಥರ್ಮೋಸ್ ಫ್ಲಾಸ್ಕ್ ಮಾಡಿ ಮಾರಿದರು. ಡ್ಯುವಾರ್ ಕೋರ್ಟಿಗೆ ಹೋದರೂ ಸೋತರು.

1900ರಲ್ಲಿ ಮ್ಯಾಕ್‌ಫೇಡಿಯನ್ ಎಂಬ ವಿಜ್ಞಾನಿ ಡ್ಯುವಾರ್ ಕೊಟ್ಟ ದ್ರವ ಗಾಳಿಯಲ್ಲಿ ಟೈಫಾಯ್ಡ್ ಸೇರಿ ಹಲವು ಬ್ಯಾಕ್ಟೀರಿಯಾಗಳನ್ನು ಇಟ್ಟರು. ಸುಮಾರು ಮೈನಸ್ 190 ಡಿಗ್ರಿ ಚಳಿಯಲ್ಲಿ ಏಳು ದಿನ ಕಳೆದ ಮೇಲೂ ಅವು ಬೆಳೆದವು! ಅತಿ ಚಳಿಯಲ್ಲಿ ಜೀವಕೋಶದ ಕೆಲಸ ನಿಲ್ಲುತ್ತದೆ, ಆದರೆ ಜೀವ ಹೋಗಲೇಬೇಕೆಂದಿಲ್ಲ.

ಡ್ಯುವಾರ್ 1898ರಲ್ಲಿ ಹೈಡ್ರೋಜನ್ನನ್ನೂ ದ್ರವ ಮಾಡಿದ್ದರು. ನೊಬೆಲ್ ಮಾತ್ರ ಅವರಿಗೆ ಸಿಗಲೇ ಇಲ್ಲ. 1923ರಲ್ಲಿ ತೀರಿಕೊಂಡರು.

ಹೋರಿಯ ವೀರ್ಯ ಬ್ಯಾಕ್ಟೀರಿಯಾದಷ್ಟು ಗಟ್ಟಿಯಲ್ಲ. ಹೆಪ್ಪುಗಟ್ಟುವಾಗ ವೀರ್ಯ ಹಾಳಾಗದಂತೆ ಗ್ಲಿಸರಿನ್ ಕಾಪಾಡುತ್ತದೆ ಎಂದು 1949ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳು ಕಂಡುಕೊಂಡರು. ಬೆಂಗಳೂರಿನ ಹೆಸರಘಟ್ಟದಲ್ಲಿ ಹೀಗೆ ವೀರ್ಯವನ್ನು ಘನೀಕರಿಸುವ ಕೇಂದ್ರ ಸರ್ಕಾರದ ಸಂಸ್ಥೆಯೇ ಇದೆ. ಕ್ಯಾನ್‌ನಲ್ಲಿರುವುದು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್. ಅದರೊಳಗೆ ವರ್ಷಗಟ್ಟಲೆ ಇದ್ದ ವೀರ್ಯದಿಂದಲೂ ಕರು ಹುಟ್ಟುತ್ತದೆ.

ಈಗ ನಿಮ್ಮ ಮನೆಯ ಫ್ರೀಜರ್ ನೋಡಿ. ಅಲ್ಲಿರುವುದು ಬರೀ ಮೈನಸ್ 18 ಡಿಗ್ರಿ. ಕೆಲವು ಕ್ರಿಮಿ ಸಾಯಬಹುದು, ಬಹಳಷ್ಟು ಸುಮ್ಮನೆ ಮಲಗಿರುತ್ತವೆ. ಮಾಂಸವನ್ನು ಹೊರಗಿಟ್ಟು ಕರಗಿಸಿದರೆ ಎದ್ದು ಬೆಳೆಯುತ್ತವೆ. ಆದ್ದರಿಂದ ಫ್ರಿಜ್‌ನ ಕೆಳಭಾಗದಲ್ಲೇ ಇಟ್ಟು ಕರಗಿಸಿ, ಚೆನ್ನಾಗಿ ಬೇಯಿಸಿ ತಿನ್ನಿ. ಕ್ರಿಮಿಯನ್ನು ಕೊಲ್ಲುವುದು ಒಲೆಯ ಬೆಂಕಿ. ಫ್ರೀಜರ್ ಅದನ್ನು ತಡೆದು ನಿಲ್ಲಿಸುತ್ತದೆ, ಅಷ್ಟೇ.