ಹುಲ್ಲಿನ ಟೋಪಿಯ ಉಸ್ತಾದರು: ಸೊಕೊಟೊದ ನಾನಾ ಅಸ್ಮಾವು

ಆಫ್ರಿಕಾದ ಮುಸ್ಲಿಂ ಹೆಣ್ಣುಮಕ್ಕಳ ಸುದ್ದಿ ಪೇಪರಿನಲ್ಲಿ ಬಂದರೆ ಹೆಚ್ಚಾಗಿ ಅದು ದುಃಖದ ಸುದ್ದಿಯೇ ಆಗಿರುತ್ತದೆ. ಆದರೆ ಇನ್ನೂರು ವರ್ಷಗಳ ಹಿಂದೆ, ಇವತ್ತಿನ ಉತ್ತರ ನೈಜೀರಿಯಾದಲ್ಲಿ ಒಬ್ಬ ಹೆಂಗಸು ಹಳ್ಳಿಹಳ್ಳಿಯ ಅಡುಗೆಮನೆಗೆ ಇಲ್ಮ್ ತಲುಪಿಸುವ ವ್ಯವಸ್ಥೆ ಕಟ್ಟಿದ್ದರು. ಅವರ ಹೆಸರು ಅಸ್ಮಾವು. ನಾನಾ ಅಂದರೆ ಅಲ್ಲಿ ಗೌರವದಿಂದ ಕರೆಯುವ ಮಾತು, ನಮ್ಮ ಬೀಬಿ ಇದ್ದ ಹಾಗೆ.

ಹುಟ್ಟಿದ್ದು 1793ರಲ್ಲಿ, ಗೋಬಿರ್ ರಾಜ್ಯದ ದೆಗೆಲ್ ಎಂಬ ಊರಿನಲ್ಲಿ. ತಂದೆ ಶೇಹು ಉಸ್ಮಾನ್ ದಾನ್ ಫೋದಿಯೋ, ಫುಲಾನಿ ಪಂಗಡದ ದೊಡ್ಡ ಆಲಿಮ್, ಖಾದಿರಿ ತರೀಖತಿನವರು. ನಮ್ಮಲ್ಲಿ ಮುಹ್ಯುದ್ದೀನ್ ಶೈಖರ ಹೆಸರು ಕೇಳದ ಮನೆ ಇಲ್ಲವಲ್ಲ, ಅದೇ ಸಿಲ್ಸಿಲ. ಅಸ್ಮಾವು ಅವಳಿ ಮಗು, ಜೊತೆಗೆ ಹುಟ್ಟಿದ ಗಂಡುಮಗುವಿನ ಹೆಸರು ಹಸನ್. ಆ ಊರಿನ ರೂಢಿ ಪ್ರಕಾರ ಇವಳು ಹುಸೈನಾ ಆಗಬೇಕಿತ್ತು. ತಂದೆ ಮಾತ್ರ ಅಸ್ಮಾ ಎಂದು ಹೆಸರಿಟ್ಟರು. ಹಿಜ್‌ರದ ಸಮಯ ಸೌರ್ ಗುಹೆಗೆ ಬುತ್ತಿ ಹೊತ್ತುಕೊಂಡು ಹೋದ ಅಬೂಬಕರ್ ಸಿದ್ದೀಖ್‌ರ ಮಗಳ ಹೆಸರದು.

ಶೇಹು ಅವರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕಾಲದ ಆಲಿಮರು ತಮ್ಮ ಹೆಂಡತಿ, ಹೆಣ್ಣುಮಕ್ಕಳನ್ನು ಅಜ್ಞಾನದಲ್ಲೇ ಬಿಟ್ಟು ಊರಿಗೆಲ್ಲ ಪಾಠ ಹೇಳುತ್ತಿದ್ದುದನ್ನು ಅವರು ಕಟುವಾಗಿ ಟೀಕಿಸಿದರು. ಗಂಡ ಕಲಿಸದಿದ್ದರೆ ದೀನಿನ ಕಡ್ಡಾಯ ವಿಷಯ ಕಲಿಯಲು ಹೆಣ್ಣು ಹೊರಗೆ ಹೋಗಬಹುದು ಎಂದು ಬರೆದರು. ಇದಕ್ಕೆ ಬೇರೆ ಆಲಿಮರಿಂದ ವಿರೋಧವೂ ಬಂತು. ಶೇಹು ಜಗ್ಗಲಿಲ್ಲ. ಅವರ ಮನೆಯಲ್ಲಿ ಹೆಣ್ಣುಮಕ್ಕಳು ಗಂಡುಮಕ್ಕಳಷ್ಟೇ ಓದಿದರು. ಅಸ್ಮಾವಿನ ಅಕ್ಕ ಖದೀಜಾ ಕೂಡ ವಿದ್ವಾಂಸೆಯೇ. ಅಸ್ಮಾವಿಗೆ ಅರಬಿ, ಫುಲಾನಿಯರ ಫುಲ್‌ಫುಲ್ದೆ, ಊರಿನ ಹೌಸಾ ಮತ್ತು ತುವಾರೆಗರ ತಮಾಶೆಕ್, ಹೀಗೆ ನಾಲ್ಕು ಭಾಷೆ ಬರುತ್ತಿತ್ತು.

1804ರಲ್ಲಿ ಗೋಬಿರಿನ ರಾಜನೊಡನೆ ಸಂಬಂಧ ಕೆಟ್ಟು ಶೇಹು ತಮ್ಮ ಜನರ ಜೊತೆ ದೆಗೆಲ್ ಬಿಟ್ಟು ಗುದುವಿಗೆ ಹಿಜ್‌ರ ಹೊರಟಾಗ ಅಸ್ಮಾವಿಗೆ ಹನ್ನೊಂದರ ಆಸುಪಾಸು. ಮತ್ತೆ ಯುದ್ಧ, ಅಲೆದಾಟ, ಹಸಿವು. 1808ರಲ್ಲಿ ಗೋಬಿರಿನ ರಾಜಧಾನಿ ಅಲ್ಕಲಾವ ಬಿತ್ತು. ಅಣ್ಣ ಮುಹಮ್ಮದ್ ಬೆಲ್ಲೊ ಸೊಕೊಟೊ ಪಟ್ಟಣ ಕಟ್ಟಿದರು. 1817ರಲ್ಲಿ ಶೇಹು ವಫಾತಾದ ಮೇಲೆ ಬೆಲ್ಲೊ ಖಲೀಫರಾದರು. ಯುದ್ಧದ ನಡುವೆಯೇ, ಎಳೆ ಪ್ರಾಯದಲ್ಲೇ, ಅಸ್ಮಾವಿನ ನಿಖಾಹ್ ಬೆಲ್ಲೊ ಅವರ ಆಪ್ತ ಗಿದಾದೊ ಜೊತೆ ಆಗಿತ್ತು. ಗಿದಾದೊ ಮುಂದೆ ವಝೀರರಾದರು. ಸ್ಕಾಟಿಷ್ ಪ್ರವಾಸಿ ಕ್ಲಾಪರ್ಟನ್ 1824ರಲ್ಲಿ ಸೊಕೊಟೊಗೆ ಬಂದಾಗ ಉಪಚರಿಸಿದ್ದು ಇವರೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಯುದ್ಧ ಮುಗಿದಾಗ ಸಾವಿರಾರು ಹೆಂಗಸರು ಹೊಸ ರಾಜ್ಯದೊಳಗೆ ಬಂದಿದ್ದರು. ಕೆಲವರು ಸೆರೆಯಾಗಿ ಬಂದವರು, ಕೆಲವರು ಗಂಡನನ್ನು ಕಳೆದುಕೊಂಡವರು. ಬಹುಪಾಲು ಹಳ್ಳಿಯ ಹೆಂಗಸರಿಗೆ ವುಳೂ ಮಾಡುವ ಕ್ರಮವೂ ಗೊತ್ತಿರಲಿಲ್ಲ. ಕಷ್ಟ ಬಂದರೆ ಬೋರಿ ಎಂಬ ಭೂತಾರಾಧನೆಯೇ ಗತಿ. ಇವರಿಗೆ ಕಲಿಸುವವರು ಯಾರು? ಗಂಡಸರು ಮನೆಯೊಳಗೆ ಹೋಗುವ ಹಾಗಿಲ್ಲ, ಹೆರುವ ಪ್ರಾಯದ ಹೆಂಗಸರು ಮನೆ ಬಿಟ್ಟು ಬರುವ ಹಾಗಿಲ್ಲ.

ಅಸ್ಮಾವು ಕಂಡುಕೊಂಡ ದಾರಿ ತುಂಬಾ ಸರಳ. ಮಕ್ಕಳ ಹೊರೆ ಮುಗಿದ ಹಿರಿಯ ಹೆಂಗಸರು ಮತ್ತು ಇನ್ನೂ ಮದುವೆಯಾಗದ ಹುಡುಗಿಯರು, ಇವರು ಪ್ರಯಾಣ ಮಾಡಬಹುದಲ್ಲ! ಇವರನ್ನೇ ಸೇರಿಸಿ ಗುಂಪು ಮಾಡಿದರು. ಯಾನ್ ತಾರು, ಅಂದರೆ ಒಟ್ಟು ಸೇರಿದವರು, ಎಂದು ಹೆಸರಾಯಿತು. ಪ್ರತಿ ಗುಂಪಿಗೂ ಒಬ್ಬ ನಾಯಕಿ, ಅವರನ್ನು ಜಾಜಿ ಎಂದು ಕರೆದರು. ಹೌಸಾದಲ್ಲಿ ಜಾಜಿ ಅಂದರೆ ವ್ಯಾಪಾರದ ಕಾರವಾನನ್ನು ಮುನ್ನಡೆಸುವವರು. ಜಾಜಿಯ ಜೊತೆ ಹೆಂಗಸರು ಸೊಕೊಟೊಗೆ ನಡೆದು ಬರುವುದು, ಅಸ್ಮಾವಿನ ಮನೆಯಲ್ಲಿ ಕೂತು ಪದ್ಯ ಬಾಯಿಪಾಠ ಮಾಡುವುದು, ಊರಿಗೆ ಹೋಗಿ ಮನೆ ಬಿಟ್ಟು ಬರಲಾಗದವರಿಗೆ ಅದನ್ನೇ ಕಲಿಸುವುದು. ಬರುವಾಗ ಧಾನ್ಯ, ಜೇನು, ಬಟ್ಟೆ ತರುತ್ತಿದ್ದರು. ಅದು ಇಲ್ಲದವರಿಗೆ ಹಂಚಿ ಹೋಗುತ್ತಿತ್ತು.

ಜಾಜಿಯ ಗುರುತು ಏನು ಗೊತ್ತುಂಟಾ? ಮಲ್ಫಾ ಎಂಬ ಅಗಲದ ಹುಲ್ಲಿನ ಟೋಪಿ, ಅದಕ್ಕೆ ಕೆಂಪು ಬಟ್ಟೆಯ ಪಟ್ಟಿ. ಅದೇ ಟೋಪಿ ಮೊದಲು ಗೋಬಿರಿನಲ್ಲಿ ಬೋರಿ ಪಂಥದ ಮುಖ್ಯಸ್ಥೆ ಇನ್ನಾಳ ಲಾಂಛನವಾಗಿತ್ತು. ಸೋತ ಕಡೆಯವರ ಟೋಪಿ ಎಂದು ಅಸ್ಮಾವು ಅದನ್ನು ಸುಟ್ಟು ಹಾಕಲಿಲ್ಲ. ಕೆಂಪು ಪಟ್ಟಿ ಕಟ್ಟಿ ತಮ್ಮ ಶಿಕ್ಷಕಿಯರ ತಲೆಗೆ ಇಟ್ಟರು. ಹಳ್ಳಿಯವರಿಗೆ ಆ ಟೋಪಿಯ ಮರ್ಯಾದೆ ಮೊದಲೇ ಗೊತ್ತಿತ್ತು, ಹೊಸದಾಗಿ ವಿವರಿಸಬೇಕಾಗಿ ಬರಲಿಲ್ಲ. ದೊಡ್ಡ ಭಾಷಣಗಳಿಗಿಂತ ಇಂಥ ಬುದ್ಧಿಯೇ ಕೆಲಸಕ್ಕೆ ಬರುವುದು ಅಂತ ನನಗೆ ಅನಿಸುತ್ತದೆ.

ಪಾಠವೆಲ್ಲ ಪದ್ಯದಲ್ಲಿ. ಕುರ್‌ಆನಿನ 114 ಸೂರಗಳ ಹೆಸರನ್ನೂ ಒಂದೇ ಪದ್ಯದಲ್ಲಿ ಪೋಣಿಸಿ, ಅದನ್ನು ಫುಲ್‌ಫುಲ್ದೆ, ಹೌಸಾ, ಅರಬಿ ಮೂರರಲ್ಲೂ ಬರೆದರು. ಹೌಸಾವನ್ನು ಅರಬಿ ಲಿಪಿಯಲ್ಲೇ ಬರೆಯುವುದು, ನಮ್ಮ ಕಡೆಯ ಅರಬಿ ಮಲಯಾಳದ ಮಾಲೆಗಳ ಹಾಗೆ. ಸೂಫಿ ಮಹಿಳೆಯರ ಬಗ್ಗೆ ಅಣ್ಣ ಬೆಲ್ಲೊ ಗದ್ಯದಲ್ಲಿ ಬರೆದದ್ದನ್ನು ಪದ್ಯ ಮಾಡುವಾಗ ತಮ್ಮದೇ ಊರಿನ ಹೆಂಗಸರ ಹೆಸರುಗಳನ್ನೂ ಸೇರಿಸಿದರು. ಯಾರಾದರೂ ತೀರಿಕೊಂಡರೆ ಮರ್ಸಿಯ ಬರೆಯುತ್ತಿದ್ದರು. ಖಲೀಫರಿಗೆ, ಸೇನಾಪತಿಗಳಿಗೆ ಬರೆಯುವುದು ಎಲ್ಲ ಕಡೆ ಉಂಟು. ಇವರು ಹೆರಿಗೆಗೆ ನೆರವಾಗುತ್ತಿದ್ದ, ಮಯ್ಯಿತ್ ತೊಳೆಯಲು ಬರುತ್ತಿದ್ದ ಝಹ್ರಾ ಎಂಬ ನೆರೆಹೊರೆಯ ಹೆಂಗಸಿಗೂ ಬರೆದರು, ಹೆಂಗಸರನ್ನು ಕರೆದು ತರುತ್ತಿದ್ದ ಜಾಜಿ ಹವ್ವಾಳಿಗೂ ಬರೆದರು. ಈ ಪದ್ಯ ಇಲ್ಲದಿದ್ದರೆ ಅವರ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಆದರೆ ಒಂದು ಭಾಗವನ್ನು ಮುಚ್ಚಿಟ್ಟು ಈ ಕತೆ ಹೇಳುವುದು ಸರಿಯಲ್ಲ. ಸೊಕೊಟೊ ರಾಜ್ಯದಲ್ಲಿ ಗುಲಾಮಗಿರಿ ಇತ್ತು, ವಝೀರರ ಮನೆಯಲ್ಲೂ ಇತ್ತು. ಕೆಲಸಕ್ಕೆ ಬೇರೆ ಕೈಗಳಿದ್ದದ್ದರಿಂದಲೇ ಖಲೀಫರ ತಂಗಿಗೆ ಓದಲು, ಬರೆಯಲು ಸಮಯ ಸಿಕ್ಕಿತು. ಸೆರೆಯಾಗಿ ಬಂದ ಹೆಂಗಸಿಗೆ ಯಾನ್ ತಾರುವಿನಲ್ಲಿ ಪಾಠ ಸಿಕ್ಕಿರಬಹುದು, ಆದರೆ ಮೊದಲು ಅವಳು ತನ್ನ ಮನೆ ಕಳೆದುಕೊಂಡಿದ್ದಳು. ಅಸ್ಮಾವು ಆ ಪದ್ಧತಿಯನ್ನು ಎದುರಿಸಿದವರಲ್ಲ. ಅವರು ಕೇಳಿದ್ದು ಒಂದೇ ಹಕ್ಕು, ಕಲಿಯುವ ಹಕ್ಕು. ಅದನ್ನು ರಾಜಕುಮಾರಿಯರಿಗೆ ಮಾತ್ರ ಎಂದು ಮಾಡದೆ ರಾಗಿ ಬೀಸುವವಳವರೆಗೆ ಮುಟ್ಟಿಸಿದರು. ಎರಡೂ ನಿಜ, ಎರಡನ್ನೂ ತಿಳಿದುಕೊಂಡಿರಬೇಕು.

1837ರಲ್ಲಿ ಬೆಲ್ಲೊ ತೀರಿಕೊಂಡರು, ನಂತರದ ವರ್ಷಗಳಲ್ಲಿ ಗಂಡ ಗಿದಾದೊ ಕೂಡ. ಅಸ್ಮಾವು ಪಾಠ ನಿಲ್ಲಿಸಲಿಲ್ಲ. 1864ರಲ್ಲಿ ಅವರು ವಫಾತಾದಾಗ ಯಾನ್ ತಾರುವಿನ ಹೊಣೆ ತಂಗಿ ಮರ್ಯಮರ ಹೆಗಲಿಗೆ ಬಂತು. 1903ರಲ್ಲಿ ಬ್ರಿಟಿಷರು ಸೊಕೊಟೊ ಹಿಡಿದರು, ಖಲೀಫತ್ ಹೋಯಿತು. ಜಾಜಿಗಳು ಮಾತ್ರ ಟೋಪಿ ಇಟ್ಟುಕೊಂಡು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಲೇ ಇದ್ದರು.

ಅವರ ಕೈಬರಹಗಳನ್ನು ವಝೀರರ ವಂಶದವರು ತಲೆಮಾರುಗಳಿಂದ ಜೋಪಾನ ಮಾಡಿದ್ದರು. ಅದೇ ವಂಶದ ವಝೀರ್ ಜುನೈದು ಅವರ ನೆರವಿನಿಂದ ಜೀನ್ ಬಾಯ್ಡ್ ಎಂಬ ಬ್ರಿಟಿಷ್ ಮಹಿಳೆ ಅವನ್ನು ಕಲೆ ಹಾಕಿದರು. ಬೆವರ್ಲಿ ಮ್ಯಾಕ್ ಜೊತೆ ಸೇರಿ 1997ರಲ್ಲಿ ಪುಸ್ತಕವಾಗಿ ಹೊರತಂದರು. ನೈಜೀರಿಯಾದಲ್ಲಿ ಇವತ್ತು ಅಸ್ಮಾವಿನ ಹೆಸರಿನ ಶಾಲೆಗಳುಂಟು, ಅಲ್ಲಿನ ಮುಸ್ಲಿಂ ಮಹಿಳಾ ಸಂಘಟನೆಗಳು ಹೆಣ್ಣುಮಕ್ಕಳ ಓದಿನ ವಾದಕ್ಕೆ ಇಳಿದರೆ ಮೊದಲು ಎತ್ತುವ ಹೆಸರುಗಳಲ್ಲಿ ಇದೂ ಒಂದು.