ಮಳೆಯ ಲೆಕ್ಕವಿಟ್ಟ ವಾಕರ್ ಮಹಾಶಯರು

ರಾಯದುರ್ಗ, ಮಡಕಶಿರಾ ಸೀಮೆಯ ಕನ್ನಡಿಗರಾದ ನಾವು ಮುಗಿಲನ್ನು ನೋಡುತ್ತಲೇ ಬಾಳುವವರು. ಮುಂಗಾರಿನ ಮೋಡವು ತನ್ನ ಸಿರಿಯ ಬಹುಭಾಗವನ್ನು ಪಶ್ಚಿಮಘಟ್ಟಗಳಲ್ಲಿಯೇ ಸುರಿದು, ಬರಿಗೈಯಲ್ಲಿ ನಮ್ಮತ್ತ ಬರುತ್ತದೆ. ಆದುದರಿಂದ ಮಳೆಯ ಗುಟ್ಟನ್ನರಸಿದ ಸರ್ ಗಿಲ್ಬರ್ಟ್ ವಾಕರ್ ಅವರ ಚರಿತ್ರೆಯನ್ನು ಇಲ್ಲಿ ನೆನೆಯುವುದು ಉಚಿತವೆಂದು ಭಾವಿಸಿದ್ದೇವೆ.

ವಾಕರರು 1868ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಜನಿಸಿದರು. 1889ರಲ್ಲಿ ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದರು. 1899ರಲ್ಲಿ ಮುಂಗಾರು ಕೈಕೊಟ್ಟು ನಮ್ಮ ದೇಶವು ಘೋರ ಕ್ಷಾಮಕ್ಕೆ ತುತ್ತಾಯಿತು. ಸರ್ಕಾರದ ಮಳೆಯ ಮುನ್ಸೂಚನೆಯೂ ಹುಸಿಯಾಯಿತು. 1904ರಲ್ಲಿ ಹವಾಮಾನ ಇಲಾಖೆಯ ಹೊಣೆಯನ್ನು ಹೊತ್ತ ವಾಕರರು ಗಣಿತವನ್ನು ಬಲ್ಲವರೇ ಹೊರತು ಹವಾಮಾನ ಶಾಸ್ತ್ರದಲ್ಲಿ ಪಳಗಿದವರಲ್ಲ. (1913ರಲ್ಲಿ ಮದರಾಸಿನಲ್ಲಿ ಗುಮಾಸ್ತರಾಗಿದ್ದ ರಾಮಾನುಜನ್ ಅವರ ಗಣಿತವನ್ನು ಕಂಡು, ವಿಶ್ವವಿದ್ಯಾನಿಲಯಕ್ಕೆ ಶಿಫಾರಸು ಮಾಡಿದ ಪುಣ್ಯಾತ್ಮರೂ ಇವರೇ.)

ಯಾವ ಕಾರಣವನ್ನೂ ಮೊದಲೇ ನಂಬದೆ, ಹಿಮಾಲಯದ ಹಿಮ, ದಕ್ಷಿಣ ಅಮೆರಿಕದ ವಾಯುಭಾರ ಮೊದಲಾದವನ್ನು ನಮ್ಮ ಮುಂಗಾರಿನೊಡನೆ ವರ್ಷವರ್ಷವೂ ತಾಳೆ ನೋಡಿದರು. ಲೆಕ್ಕದ ಭಾರವನ್ನು ಹೊತ್ತವರು ಇಲಾಖೆಯ ಭಾರತೀಯ ಗುಮಾಸ್ತರು. ಎರಡು ಸಂಗತಿಗಳು ಹೀಗೆ ಜೊತೆಯಾಗಿ ಏರಿಳಿಯುವುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಸಹಸಂಬಂಧವೆಂದು ಹೆಸರು.

ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದು. ಕಪ್ಪೆ ವಟಗುಟ್ಟಿದ ರಾತ್ರಿ ಮಳೆ ಬರುವುದುಂಟು; ಕಪ್ಪೆಯೇ ಮಳೆಯನ್ನು ತರಿಸಿತೇ? ಗಾಳಿಯ ತೇವವು ಕಪ್ಪೆಯನ್ನು ಕೂಗಿಸಿತು, ಮಳೆಗೂ ಅದೇ ಆಧಾರವಾಯಿತು. ಇನ್ನು ಕೆಲವು ಬರಿಯ ಕಾಕತಾಳೀಯ. ಸಂಬಂಧವೇ ಇಲ್ಲದ ಇಪ್ಪತ್ತು ಸಂಗತಿಗಳನ್ನು ಮಳೆಯೊಡನೆ ಹೋಲಿಸಿದರೆ, ಒಂದಾದರೂ ಸೊಗಸಾಗಿ ಹೊಂದಿಕೊಂಡಂತೆ ತೋರುವ ಸಂಭವವೇ ಹೆಚ್ಚು. ಉಳಿದ ಹತ್ತೊಂಬತ್ತನ್ನು ಮರೆತು ಆ ಒಂದನ್ನೇ ಕೊಂಡಾಡುವವನು ತಾನೂ ಮೋಸಹೋಗುತ್ತಾನೆ, ಪರರನ್ನೂ ಮೋಸಗೊಳಿಸುತ್ತಾನೆ. ಹೆಚ್ಚು ಸಂಗತಿಗಳನ್ನು ಪರೀಕ್ಷಿಸಿದಷ್ಟೂ ಒರೆಗಲ್ಲು ಕಠಿಣವಾಗಬೇಕೆಂದು ವಾಕರರು 1914ರಲ್ಲಿಯೇ ತೋರಿಸಿದರು. ಅವರ ಕೊಡುಗೆಗಳಲ್ಲಿ ಇದನ್ನೇ ನಾವು ಹಿರಿದೆಂದು ಎಣಿಸುತ್ತೇವೆ.

ಈ ಜರಡಿಯಲ್ಲಿ ಉಳಿದುದು, ಶಾಂತಸಾಗರ ಮತ್ತು ಹಿಂದೂ ಮಹಾಸಾಗರಗಳ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಒಂದೇರಿದರೆ ಒಂದಿಳಿಯುವ ಸಂಗತಿ. ಇದನ್ನು ಅವರು ದಕ್ಷಿಣದ ಆಂದೋಲನವೆಂದು ಕರೆದರು. ಅದು ಹೀಗೇಕೆ ತೂಗುತ್ತದೆಂಬುದು ಮಾತ್ರ ಅವರಿಗೆ ಬಿಡಿಸಲಾಗದ ಒಗಟಾಗಿಯೇ ಉಳಿಯಿತು. 1924ರಲ್ಲಿ ಭಾರತವನ್ನು ಬಿಟ್ಟು ಲಂಡನ್ನಿನಲ್ಲಿ ಪ್ರಾಧ್ಯಾಪಕರಾದ ಅವರು 1958ರಲ್ಲಿ ತೀರಿಕೊಂಡರು. 1969ರಲ್ಲಿ ಬ್ಯರ್ಕ್‌ನೆಸ್ ಎಂಬ ವಿದ್ವಾಂಸರು ಆ ತೂಗಾಟವನ್ನು ಶಾಂತಸಾಗರದ ನೀರಿನ ಬಿಸಿಯೊಡನೆ ಜೋಡಿಸಿ, ಅದು ನಡೆಯುವ ಬಗೆಯನ್ನು ವಿವರಿಸಿದರು. ಅಷ್ಟರಲ್ಲಿ ವಾಕರರು ಆರಿಸಿದ್ದ ಕೆಲವು ಸೂಚನೆಗಳು ಬಲಗುಂದಿದ್ದವು.

ಆ ಕಡಲು ಕಾಯುವುದನ್ನೇ ಈಗ ಎಲ್ ನಿನೋ ಎನ್ನುವರು. ಪತ್ರಿಕೆಯಲ್ಲಿ ಆ ಹೆಸರು ಕಂಡೊಡನೆ, ಕಡಲೆಕಾಯಿಯ ಬೀಜವನ್ನು ಬಿತ್ತುವುದೋ ಮಾರುವುದೋ ಎಂದು ರೈತ ಬಂಧುಗಳು ಹಿಂಜರಿಯುವುದು ಸಹಜ. ಅಂತಹ ವರ್ಷಗಳಲ್ಲಿ ಬರದ ಸಂಭವವು ಹೆಚ್ಚುವುದೂ ನಿಜ. ಆದರೆ 1997ರಲ್ಲಿ ಎಲ್ ನಿನೋ ಅತಿ ಪ್ರಬಲವಾಗಿದ್ದರೂ, ದೇಶದ ಒಟ್ಟು ಮುಂಗಾರು ವಾಡಿಕೆಯಷ್ಟೇ ಸುರಿಯಿತು.